ಟೆಸ್ಟರಣ್ಣನಿಗೆ ಲೈಸೆನ್ಸ್ ಸಿಕ್ಕಿದ್ದು

ಊರಲ್ಲಿ ಅವನನ್ನು ಎಲ್ಲರೂ ಟೆಸ್ಟರಣ್ಣ ಅಂತಲೇ ಕರೆಯುತ್ತಿದ್ದರು. ಅಂಗಿ ಬದಲಾಗುತ್ತಿತ್ತು, ಅಂಗಿಯ ಜೇಬಿನಲ್ಲಿ ಸಿಕ್ಕಿಸಿಕೊಂಡ ಟೆಸ್ಟರ್ ಬದಲಾಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ಅದು ಜೇಬಿನಿಂದ ಕತ್ತು ಚಾಚಿ ಕ್ಯಾಮೆರಾ ನೋಡುತ್ತಿದೆ. ಇಪ್ಪತ್ತಮೂರು ವರ್ಷ ಕರೆಂಟಿನ ಕೆಲಸ ಮಾಡಿದವನು. ಗೋಡೆಗೆ ಕಿವಿಯಿಟ್ಟು ಒಳಗೆ ಎಲ್ಲಿ ವೈರು ಸುಟ್ಟಿದೆ ಅಂತ ಹೇಳುತ್ತಿದ್ದ. ಒಂದಿಬ್ಬರು ಡಾಕ್ಟರುಗಳು ಅವನನ್ನು ನೋಡಿ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಅವನ ಹೆಂಡತಿ ನರ್ಸು. ಹೊರದೇಶದ ಆಸ್ಪತ್ರೆಯ ಕೆಲಸಕ್ಕೆ ಅಂತ ಎರಡು ವರ್ಷ ಪಟ್ಟಾಗಿ ಕೂತು ಓದಿ, ಭಾಷೆ ಕಲಿತು, ಪರೀಕ್ಷೆ ಬರೆದು ಪಾಸಾದಳು. ಕೆಲಸ ಸಿಕ್ಕಿತು. ಅವಳ ಹಿಂದೆ ಸೂಟ್‌ಕೇಸು ಹೊತ್ತುಕೊಂಡು ಟೆಸ್ಟರಣ್ಣನೂ ಹೊರಟ. ವೀಸಾದಲ್ಲಿ ಅವನ ಹೆಸರಿನ ಪಕ್ಕ ಒಂದು ಪದ ಇತ್ತು: ಅವಲಂಬಿತ.

"ಹಂಗಂದ್ರೆ ಏನೇ?" ಅಂತ ವಿಮಾನದಲ್ಲಿ ಕೇಳಿದ.

"ನಾನು ದುಡೀತೀನಿ, ನೀವು ಊಟ ಮಾಡ್ತೀರಿ ಅಂತ," ಅಂದಳು ಕಿಟಕಿಯಿಂದ ಕಣ್ಣು ತೆಗೆಯದೆ.

"ಒಂದೇ ತಿಂಗಳು. ಆಮೇಲೆ ನೋಡ್ತಿರು."

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಂದ ಎರಡನೇ ವಾರಕ್ಕೆ ಅಡುಗೆಮನೆಯಲ್ಲಿ ಕೆಟಲ್ ಹಾಕಿದಾಗೆಲ್ಲ ಚಿರ್ ಅಂತ ಸದ್ದು ಬರತೊಡಗಿತು. ಟೆಸ್ಟರಣ್ಣನ ಮುಖ ಅರಳಿತು. ಅಷ್ಟು ದಿನ ಪಾತ್ರೆ ತೊಳೆದು, ಬಟ್ಟೆ ಮಡಚಿ ಬೇಸತ್ತಿದ್ದ ಕೈಗೆ ಕೊನೆಗೂ ಕೆಲಸ ಸಿಕ್ಕಿತಲ್ಲ. ಸ್ಕ್ರೂಡ್ರೈವರ್ ತೆಗೆದು ಸಾಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ರೀ, ಕೈ ತೆಗೀರಿ."

"ಯಾಕೆ?"

"ಇಲ್ಲಿ ಲೈಸೆನ್ಸ್ ಇಲ್ಲದವ್ರು ಸಾಕೆಟ್ ಬಿಚ್ಚೋ ಹಾಗಿಲ್ಲ. ಬಲ್ಬ್ ಬದಲಾಯಿಸಬಹುದು, ಅಷ್ಟೇ. ಬಾಡಿಗೆ ಕರಾರಲ್ಲೇ ಬರೆದಿದೆ."

"ಏ, ನಾನು ಯಾರು ಅಂದ್ಕೊಂಡಿದೀಯ?"

"ಅವಲಂಬಿತ," ಅಂದಳು ಹೆಂಡತಿ, ಮತ್ತು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದಳು.

ಎಲೆಕ್ಟ್ರಿಷಿಯನ್ ಬಂದಾಗ ಟೆಸ್ಟರಣ್ಣ ಬಾಗಿಲು ತೆಗೆದು, ಅವರ ಹಿಂದೆ ಇನ್ಯಾರಾದರೂ ಇದ್ದಾರಾ ಅಂತ ಇಣುಕಿದ. ಯಾರೂ ಇರಲಿಲ್ಲ. ಬಂದಿದ್ದವಳು ಮೂವತ್ತರ ಹೆಣ್ಣುಮಗಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಕೈಯಲ್ಲಿ ಭಾರದ ಚೀಲ. ಬಾಗಿಲಲ್ಲೇ ಬೂಟಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಬಂದಳು. ಮೊದಲು ಹೋಗಿದ್ದು ಸಾಕೆಟ್ಟಿನ ಹತ್ತಿರ ಅಲ್ಲ, ಬಾಗಿಲ ಪಕ್ಕದ ಮೇನ್ ಬೋರ್ಡಿನ ಹತ್ತಿರ. ಅಡುಗೆಮನೆಯ ಸ್ವಿಚ್ಚು ಇಳಿಸಿ, ಅದಕ್ಕೊಂದು ಪುಟ್ಟ ಕೆಂಪು ಬೀಗ ಜಡಿದು, ಬೀಗಕ್ಕೊಂದು ಚೀಟಿ ಕಟ್ಟಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡಳು.

"ಕರೆಂಟನ್ನ ಯಾರು ಕದ್ಕೊಂಡು ಹೋಗ್ತಾರೆ ಅಂತ ಬೀಗ?" ಟೆಸ್ಟರಣ್ಣ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ. ಆ ಗಳಿಗೆಯಿಂದ ಅವನ ಬಾಯಲ್ಲಿ ಆ ಹೆಣ್ಣುಮಗಳು ಬೀಗದಮ್ಮ ಆದಳು.

ಬೀಗದಮ್ಮ ಮೀಟರು ತೆಗೆದು, ಮೊದಲು ಕರೆಂಟಿರುವ ಇನ್ನೊಂದು ಸಾಕೆಟ್ಟಿನಲ್ಲಿ ಅದು ಸರಿಯಾಗಿದೆಯಾ ನೋಡಿದಳು. ಆಮೇಲೆ ಕೆಟ್ಟ ಸಾಕೆಟ್ಟಿಗೆ ಹಿಡಿದಳು. ಮತ್ತೆ ಹೋಗಿ ಮೊದಲನೆಯದಕ್ಕೆ ಹಿಡಿದಳು. ಒಂದು ಸಾಕೆಟ್ಟಿಗೆ ಮೂರು ಸಲ ನಾಡಿ ನೋಡುವ ಈ ವೈಭೋಗ ಟೆಸ್ಟರಣ್ಣನಿಗೆ ಸಹಿಸಲಾಗಲಿಲ್ಲ. ಕೊನೆಗೆ ಅವಳು ಸಾಕೆಟ್ ಬಿಚ್ಚಿ ನೀಲಿ ವೈರಿಗೆ ಕೈ ಹಾಕಿದಾಗ, "ನೀಲಿ! ನೀಲಿ ಮುಟ್ಬೇಡಮ್ಮಾ!" ಅಂತ ಅಚ್ಚಕನ್ನಡದಲ್ಲಿ ಕಿರುಚಿಬಿಟ್ಟ.

ಹೆಂಡತಿ ಅನುವಾದ ಮಾಡಿದಳು. ಬೀಗದಮ್ಮ ಸಮಾಧಾನದಿಂದ ವಿವರಿಸಿದಳು: ಇಲ್ಲಿ ನೀಲಿ ಅಂದರೆ ನ್ಯೂಟ್ರಲ್. ಕಪ್ಪೇ ಅಪಾಯದ್ದು.

ಟೆಸ್ಟರಣ್ಣ ನಾಲಿಗೆ ಕಚ್ಚಿಕೊಂಡ. ಊರಿನಲ್ಲಿ ಇದರ ತಲೆಕೆಳಗು: ನೀಲಿಯಲ್ಲಿ ಕರೆಂಟು, ಕಪ್ಪು ನ್ಯೂಟ್ರಲ್. ಅವನು ಇಡೀ ಆಯುಷ್ಯ ಕಪ್ಪನ್ನು ನಂಬಿ ನೀಲಿಗೆ ಹೆದರಿ ಬದುಕಿದವನು.

ಬೀಗದಮ್ಮ ಹೊಸ ಸಾಕೆಟ್ ಹಾಕಿದಳು. ಬೀಗ ತೆಗೆದು ಕೆಟಲ್ ಹಾಕಿದರೆ ಮತ್ತೆ ಚಿರ್! ಅವಳು ಹುಬ್ಬು ಗಂಟಿಕ್ಕಿದಳು. ಈಗ ಟೆಸ್ಟರಣ್ಣ ಗೋಡೆಗೆ ಕಿವಿಯಿಟ್ಟ, ಮೂಗು ಅರಳಿಸಿದ, ಮೇಲಿನ ಕಪಾಟಿನ ಹಿಂದಕ್ಕೆ ಬೆರಳು ತೋರಿಸಿ, ಕಲಿತಿದ್ದ ಹತ್ತಿಪ್ಪತ್ತು ಪದಗಳಲ್ಲಿ ಎರಡನ್ನು ಖರ್ಚು ಮಾಡಿದ: "ಅಲ್ಲಿ. ವಾಸನೆ."

ಮತ್ತೆ ಬೀಗ, ಮತ್ತೆ ನಾಡಿ. ಕಪಾಟು ಕಳಚಿದರೆ ಅಲ್ಲೊಂದು ಜಾಯಿಂಟ್ ಬಾಕ್ಸ್. ಒಳಗಿನ ವೈರು ಸಡಿಲವಾಗಿ ಸುಟ್ಟು ಕರಕಲಾಗಿತ್ತು. ಬೀಗದಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವು ಎಲೆಕ್ಟ್ರಿಷಿಯನ್ನಾ?"

ಏನು ಹೇಳುವುದು? ಹೌದು ಅಂದರೆ ಕಾನೂನು, ಅಲ್ಲ ಅಂದರೆ ಮರ್ಯಾದೆ. "ಅಲ್ಲಿ ಹೌದು," ಅಂದ ಟೆಸ್ಟರಣ್ಣ, ಕಿಟಕಿಯಾಚೆ ಕೈ ತೋರಿಸಿ. "ಇಲ್ಲಿ ಇಲ್ಲ."

ಬೀಗದಮ್ಮ ಗೊಳ್ಳನೆ ನಕ್ಕಳು. ಹೋಗುವಾಗ ಒಂದು ಕಾರ್ಡು ಕೊಟ್ಟು ಹೋದಳು. ಅವಳ ಕಂಪನಿಗೆ ಸಹಾಯಕರು ಬೇಕಾಗಿದ್ದರು. ಸಹಾಯಕ ವೈರು ಮುಟ್ಟುವ ಹಾಗಿಲ್ಲ, ಏಣಿ ಮುಟ್ಟಬಹುದು.

ಹೀಗೆ ಟೆಸ್ಟರಣ್ಣ ಏಣಿ ಹಿಡಿಯುವ ಕೆಲಸಕ್ಕೆ ಸೇರಿದ. ಏಣಿ ಹಿಡಿದ, ಗೋಡೆ ಕೊರೆದ ಧೂಳು ಗುಡಿಸಿದ, ವ್ಯಾನಿನಲ್ಲಿ ಸ್ಕ್ರೂಗಳನ್ನು ಅಳತೆವಾರು ಜೋಡಿಸಿದ. ಬೀಗದಮ್ಮ ಮೇಲೆ ನಿಂತು ಕೆಲಸ ಮಾಡುವಾಗ ಕೆಳಗೆ ಅವನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಇಲ್ಲದ ವೈರು ಹೊಸೆಯುತ್ತಿದ್ದವು. ಒಮ್ಮೆ ಅವಳು ಕೇಳಿಯೇಬಿಟ್ಟಳು: "ನೀವು ಫೋನಲ್ಲಿ ಹೆಂಡತಿ ಹತ್ತಿರ ಬೀಗದಮ್ಮ, ಬೀಗದಮ್ಮ ಅಂತೀರಲ್ಲ, ಹಾಗಂದರೆ ಏನು?"

ಟೆಸ್ಟರಣ್ಣ ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ. "ತುಂಬಾ ಜವಾಬ್ದಾರಿ ಇರುವ ಹೆಂಗಸು ಅಂತ," ಅಂದ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಮರುದಿನದಿಂದ ಫೋನ್ ಎತ್ತಿದ ಕೂಡಲೇ "ಬೀಗದಮ್ಮ" ಅಂತಲೇ ಮಾತು ಶುರು ಮಾಡುತ್ತಿದ್ದಳು.

ಲೈಸೆನ್ಸಿಗೆ ಅರ್ಜಿ ಹಾಕಿ ಅಂತ ಒತ್ತಾಯ ಮಾಡಿದವಳೂ ಅವಳೇ. ಅದಕ್ಕೊಂದು ಕಚೇರಿ ಇತ್ತು. ಹೊರದೇಶದಲ್ಲಿ ಕಲಿತ ಕಸುಬನ್ನು ತೂಗಿ ನೋಡಿ, ಇಲ್ಲಿ ನಡೆಯುತ್ತದೋ ಇಲ್ಲವೋ ಹೇಳುವುದು ಅದರ ಕೆಲಸ. ಐಟಿಐ ಸರ್ಟಿಫಿಕೇಟು, ವೈರ್‌ಮನ್ ಪರ್ಮಿಟ್ಟು, ಎಲ್ಲವನ್ನೂ ಒಬ್ಬ ಅಧಿಕೃತ ಅನುವಾದಕನಿಗೆ ಕೊಟ್ಟಾಯಿತು. ಎರಡು ವಾರ ಕಳೆದ ಮೇಲೆ ಕಚೇರಿಯಿಂದ ಫೋನು.

"ಸ್ವಾಮಿ, ನೀವು ಸರ್ಕಸ್ಸಿನಲ್ಲಿ ಎಷ್ಟು ವರ್ಷ ಇದ್ದಿರಿ?"

ವೈರ್‌ಮನ್ ಅನ್ನುವುದನ್ನು ಅನುವಾದಕ ಮಹಾಶಯ ತಂತಿಯ ಮೇಲಿನ ಮನುಷ್ಯ ಅಂತ ಬರೆದಿದ್ದ. ಅದನ್ನು ತಿದ್ದಿಸುವುದಕ್ಕೆ ಒಂದು ತಿಂಗಳು ಹಿಡಿಯಿತು.

ಆಮೇಲೆ ಬಂದದ್ದು ಅನುಭವದ ಪತ್ರದ ತಾಪತ್ರಯ. ಹಳೆಯ ಯಜಮಾನರು ಕೊಟ್ಟ ಪತ್ರ ಬೇಕು ಅಂತ ಕಚೇರಿ ಕೇಳಿತು. ಟೆಸ್ಟರಣ್ಣ ಊರಿನ ಕಂಟ್ರಾಕ್ಟರಿಗೆ ಫೋನ್ ಹಚ್ಚಿದ. ಇಪ್ಪತ್ತು ವರ್ಷ ಅವರ ಕೈಕೆಳಗೆ ದುಡಿದಿದ್ದ. ಹತ್ತು ಮಾತಾಡಿದರೆ ಒಂಬತ್ತು ಬೈಗುಳ ಇರುತ್ತಿದ್ದ ಮನುಷ್ಯ, ಆದರೆ ಕೆಟ್ಟವರಲ್ಲ.

"ಪತ್ರ ತಾನೇ? ನೀನು ಸುಮ್ನಿರೋ, ಹೆಂಗ್ ಬರೀತೀನಿ ನೋಡು!"

ಬರೆದರು. "ಇವನು ಚಿನ್ನದಂಥ ಮನುಷ್ಯ. ಬೀಡಿ, ಸಿಗರೇಟು, ಕುಡಿತ ಯಾವುದೂ ಇಲ್ಲ. ಒಳ್ಳೆ ಮನೆತನ. ಎದುರು ಮಾತಾಡುವವನಲ್ಲ. ಯಾರ ಮನೆಗೆ ಹೋದರೂ ಆ ಮನೆ ಬೆಳಗುತ್ತಾನೆ."

"ಇದನ್ನ ಕಳ್ಸಿದ್ರೆ ಅವ್ರು ನಿಮಗೆ ಹೆಣ್ಣು ನೋಡ್ತಾರೆ ಅಷ್ಟೇ," ಅಂದಳು ಹೆಂಡತಿ. ಆದರೂ ಬೇರೆ ಪತ್ರ ಇಲ್ಲದೆ ಅದನ್ನೇ ಕಳಿಸಿದರು. ಕಚೇರಿಯಿಂದ ಎರಡೇ ಸಾಲಿನ ಉತ್ತರ ಬಂತು: ನಿಮ್ಮ ನಡತೆಯ ಬಗ್ಗೆ ತಿಳಿದು ಸಂತೋಷವಾಯಿತು. ಪತ್ರದಲ್ಲಿ ವಿದ್ಯುತ್ತಿನ ಪ್ರಸ್ತಾಪ ಕಂಡುಬರಲಿಲ್ಲ.

ಮತ್ತೆ ಫೋನು. "ಯಜಮಾನ್ರೇ, ಕೆಲಸದ ಬಗ್ಗೆ ಬರೀರಿ. ಯಾವ ಥರದ ಕೆಲಸ, ಎಲ್ಲಿ ಮಾಡ್ದೆ, ಹೆಂಗ್ ಮಾಡ್ದೆ, ಎಲ್ಲಾ ವಿವರವಾಗಿ."

"ವಿವರ ಬೇಕಾ ಅವ್ರಿಗೆ? ಕೊಡ್ತೀನಿ ತಗೋ!"

ಎರಡನೇ ಪತ್ರ ಬಂದ ದಿನ ಹೆಂಡತಿ ಡ್ಯೂಟಿಯಲ್ಲಿದ್ದಳು. ಮೂರು ಪುಟ, ಕೆಳಗೆ ಸೀಲು, ಸಹಿ. ಮೊದಲ ಪುಟ ಓದಿ ಟೆಸ್ಟರಣ್ಣನ ಎದೆ ಉಬ್ಬಿತು. ಉಳಿದದ್ದನ್ನು ಓದುವ ತಾಳ್ಮೆಯೂ ಇಲ್ಲದೆ ಅದರ ನಕಲನ್ನು ನೇರ ಅನುವಾದಕ್ಕೆ ಕೊಟ್ಟು, ಅಲ್ಲಿಂದಲೇ ಕಚೇರಿಗೆ ಕಳಿಸಿಬಿಟ್ಟ. ಸಂಜೆ ಹೆಂಡತಿ ಬಂದು ಮೂರನೇ ಪುಟವನ್ನು ಗಟ್ಟಿಯಾಗಿ ಓದಿದಳು.

"ಒಮ್ಮೆ ಸಿನಿಮಾ ಟಾಕೀಸಿನ ಬಾಲ್ಕನಿಯಲ್ಲಿ ವೈರಿಂಗ್ ಸುಟ್ಟಾಗ, ಪ್ರದರ್ಶನ ನಿಲ್ಲಿಸದೆ, ಮೇನ್ ಆಫ್ ಮಾಡದೆ, ಕತ್ತಲಲ್ಲಿ, ಮರದ ಸ್ಟೂಲಿನ ಮೇಲೆ ನಿಂತು, ಒಂದು ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಇನ್ನೊಂದೇ ಕೈಯಲ್ಲಿ ಹರಿಯುವ ಕರೆಂಟಿನಲ್ಲೇ ವೈರು ಜೋಡಿಸಿದ ಮಹಾಧೈರ್ಯಶಾಲಿ. ಪ್ರೇಕ್ಷಕರಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲ."

ಓದಿ ಮುಗಿಸಿ ಕಾಗದ ಮಡಚಿದಳು. "ರೀ, ಇದು ಅನುಭವದ ಪತ್ರಾನಾ, ಎಫ್ಐಆರಾ?"

ಟೆಸ್ಟರಣ್ಣ ಗರಬಡಿದವನ ಹಾಗೆ ಕೂತ. ಹತ್ತು ತಿಂಗಳು ಬೀಗದಮ್ಮನ ಏಣಿ ಹಿಡಿದವನಿಗೆ ಆ ಪತ್ರ ಈ ದೇಶದ ಕಿವಿಗೆ ಹೇಗೆ ಕೇಳಿಸುತ್ತದೆ ಅಂತ ಈಗ ಚೆನ್ನಾಗಿ ಗೊತ್ತಿತ್ತು.

ಸಂದರ್ಶನದ ಕರೆ ಬಂತು. ಪರೀಕ್ಷಕರು ಒಣಕಲು ಮೈಯ ವಯಸ್ಸಾದವರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದರು. ಅವರ ಮುಂದೆ ಒಂದೇ ಕಾಗದ. ಯಾವುದು ಅಂತ ಟೆಸ್ಟರಣ್ಣನಿಗೆ ದೂರದಿಂದಲೇ ತಿಳಿಯಿತು.

"ಈ ಸಿನಿಮಾದ ವಿಷಯ ನಿಜವೇ?"

ಸುಳ್ಳು ಹೇಳಿ ಅಂತ ಹೆಂಡತಿ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೂ ಆ ಭಾಷೆಯಲ್ಲಿ ಸುಳ್ಳು ಹೇಳುವಷ್ಟು ವ್ಯಾಕರಣ ಅವನಿಗೆ ಬರುತ್ತಿರಲಿಲ್ಲ. "ನಿಜ," ಅಂದ.

"ಮೇನ್ ಯಾಕೆ ಆಫ್ ಮಾಡಲಿಲ್ಲ?"

"ಸಿನಿಮಾ ನಿಂತ್ರೆ ಜನ ಕುರ್ಚಿ ಮುರೀತಾರೆ ಅಂತ ಮಾಲೀಕ ಬಿಡಲಿಲ್ಲ. ಬೇಡ ಅಂದ್ರೆ ಕಂಟ್ರಾಕ್ಟರ್ ಬಯ್ತಾರೆ. ಇಬ್ರಿಗೂ ಹೆದರಿಕೊಂಡು ಮಾಡ್ದೆ."

"ಒಂದು ಕೈ ಜೇಬಿನಲ್ಲಿ ಯಾಕೆ?"

"ಎರಡೂ ಕೈ ತಗುಲಿದ್ರೆ ಕರೆಂಟು ಎದೆ ದಾಟಿ ಹೋಗುತ್ತೆ, ಸರ್. ಅದಕ್ಕೆ." ಇದುವರೆಗೆ ಹೆಂಡತಿಗೂ ಹೇಳಿರದಿದ್ದ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇನ್ನೊಂದು ಕಾರಣ ಇದೆ. ಆ ಕೈ ನಡುಗ್ತಿತ್ತು. ಕೆಳಗೆ ನಿಂತವ್ರಿಗೆ ಕಾಣಬಾರ್ದು ಅಂತ ಒಳಗೆ ಇಟ್ಕೊಂಡೆ. ಎಲ್ರೂ ಸ್ಟೈಲು ಅಂದ್ಕೊಂಡ್ರು."

ಪರೀಕ್ಷಕರು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು. "ಈಗ ಯಾರಾದರೂ ಮೇನ್ ಆಫ್ ಮಾಡಬೇಡ ಅಂದರೆ?"

"ಮನೆಗೆ ಹೋಗ್ತೀನಿ."

ಮುದುಕರ ತುಟಿಯ ಮೂಲೆ ಸ್ವಲ್ಪ ಅಲುಗಿತು. ಏನನ್ನೋ ಬರೆದುಕೊಂಡು, ಪ್ರಾಯೋಗಿಕ ಪರೀಕ್ಷೆಗೆ ಬನ್ನಿ ಅಂದರು.

ಆ ಪರೀಕ್ಷೆಗೆ ಟೆಸ್ಟರಣ್ಣ ಹಬೆಯಾಡುವ ಹುಮ್ಮಸ್ಸಿನಲ್ಲಿ ಹೋದ. ಕಾಗದ ಪತ್ರ, ಭಾಷೆ ಎಲ್ಲ ಅವನಿಗೆ ಕಬ್ಬಿಣದ ಕಡಲೆ. ಇದು ಹಾಗಲ್ಲ, ಇದು ಕೈಕೆಲಸ. ಗೋಡೆಯ ಮೇಲೆ ಒಂದು ಬೋರ್ಡು, ನಾಲ್ಕು ದೀಪ, ಒಂದು ಉರಿಯುತ್ತಿಲ್ಲ. ತಪ್ಪು ಹುಡುಕಲು ನಲವತ್ತು ನಿಮಿಷ. ಮುದುಕರು ಗಡಿಯಾರ ಒತ್ತಿದ್ದೇ ತಡ, ಟೆಸ್ಟರಣ್ಣ ಮುನ್ನುಗ್ಗಿದ. ಬಾಕ್ಸ್ ಬಿಚ್ಚಿದ, ಮೂಸಿದ, ಎಳೆದ, ತಿರುವಿದ. ಎಂಟನೇ ನಿಮಿಷಕ್ಕೆ ನಾಲ್ಕೂ ದೀಪ ಝಗ್ ಅಂತ ಹತ್ತಿಕೊಂಡವು. ಕೈ ಒರೆಸಿಕೊಂಡು ಗೆದ್ದವನ ಹಾಗೆ ತಿರುಗಿದ.

"ಅದ್ಭುತ," ಅಂದರು ಪರೀಕ್ಷಕರು. "ಎಂಟನೇ ನಿಮಿಷಕ್ಕೆ ತಪ್ಪು ಹುಡುಕಿದಿರಿ. ಆದರೆ ನೀವು ಎರಡನೇ ನಿಮಿಷಕ್ಕೇ ಸತ್ತಿದ್ದಿರಿ."

ಬೀಗ! ಬೀಗ ಮೇಜಿನ ಮೇಲೆ ಚೀಟಿಯ ಜೊತೆ ತಣ್ಣಗೆ ಕೂತಿತ್ತು. ಒಂದು ವರ್ಷದಿಂದ ದಿನಕ್ಕೆ ನಾಲ್ಕು ಸಲ ನೋಡಿದ್ದೇನೋ ಹೌದು, ಆದರೆ ಹಾಕಿದ್ದು ಬೀಗದಮ್ಮ, ಅವನಲ್ಲ. ನೋಡಿದ್ದು ಕಣ್ಣು ಮಾತ್ರ. ಕೈಗಳು ಇನ್ನೂ ಆ ಟಾಕೀಸಿನಲ್ಲೇ ಇದ್ದವು.

"ಏನಾಯ್ತು?" ಅಂತ ಬಾಗಿಲಲ್ಲೇ ಕೇಳಿದಳು ಹೆಂಡತಿ.

"ಎರಡನೇ ನಿಮಿಷಕ್ಕೆ ತೀರ್ಕೊಂಡೆ," ಅಂದ ಟೆಸ್ಟರಣ್ಣ, ಬೂಟು ಬಿಚ್ಚುತ್ತಾ.

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಚಹಾ ಕೊಟ್ಟು ಎದುರಿಗೆ ಕೂತಳು. "ನೋಡಿ, ವಾರ್ಡಲ್ಲಿ ಒಬ್ಬ ರೋಗಿಗೆ ಒಂದು ಮಾತ್ರೆ ಕೊಡ್ಬೇಕಾದ್ರೆ ನಾನು ಅವ್ರ ಹೆಸರು ಮೂರು ಸಲ ಕೇಳ್ತೀನಿ. ಒಂದು ತಿಂಗಳಿಂದ ಅದೇ ಮಂಚದ ಮೇಲೆ ಮಲಗಿರ್ತಾರೆ, ನಂಗೆ ಅವ್ರ ಮೊಮ್ಮಕ್ಕಳ ಹೆಸರೂ ಗೊತ್ತಿರುತ್ತೆ. ಆದ್ರೂ ಕೇಳ್ತೀನಿ. ಗೊತ್ತಿಲ್ಲ ಅಂತ ಅಲ್ಲ, ಗೊತ್ತಿದೆ ಅನ್ನೋ ಧಿಮಾಕು ಇರುತ್ತಲ್ಲ, ಅದಕ್ಕೆ."

ಮರುದಿನದಿಂದ ಸಾಧನೆ ಶುರುವಾಯಿತು. ಬೀಗದಮ್ಮ ತನ್ನದೊಂದು ಹಳೆಯ ಬೀಗ, ಹತ್ತು ಚೀಟಿ ಕೊಟ್ಟಳು. ಮನೆಯಲ್ಲಿ ಅವನಿಗೆ ಕಾನೂನು ಬಿಟ್ಟುಕೊಟ್ಟಿದ್ದ ಏಕೈಕ ಕೆಲಸ ಬಲ್ಬ್ ಬದಲಾಯಿಸುವುದು. ಅದನ್ನೇ ಶಾಸ್ತ್ರೋಕ್ತವಾಗಿ ಮಾಡತೊಡಗಿದ. ಚೆನ್ನಾಗಿ ಉರಿಯುತ್ತಿದ್ದ ಬಲ್ಬನ್ನು ದಿನಕ್ಕೆರಡು ಸಲ ಬಿಚ್ಚಿ ಮತ್ತೆ ಹಾಕಿದ. ಸ್ವಿಚ್ಚು ಇಳಿಸು, ಬೀಗ ಹಾಕು, ಚೀಟಿ ಕಟ್ಟು, ಕೀಲಿ ಜೇಬಿಗೆ. ನೀಲಿ ನ್ಯೂಟ್ರಲ್, ಕಪ್ಪು ಅಪಾಯ ಅಂತ ಜಪ.

ಒಂದು ಮಧ್ಯಾಹ್ನ ಬಚ್ಚಲಿನ ಬಲ್ಬು ನಿಜಕ್ಕೂ ಹೋಯಿತು. ಟೆಸ್ಟರಣ್ಣನ ಆನಂದಕ್ಕೆ ಪಾರವೇ ಇಲ್ಲ. ಇಡೀ ಮನೆಯ ಮೇನನ್ನೇ ಇಳಿಸಿ, ಬೀಗ ಜಡಿದು, ಚೀಟಿ ಕಟ್ಟಿ, ಹೊಸ ಬಲ್ಬ್ ತರಲು ಅಂಗಡಿಗೆ ಹೊರಟ. ಅಂಗಡಿಯಲ್ಲಿ ಹೊಸ ಥರದ ಮೀಟರು ಬಂದಿತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ. ಆಗ ಫೋನ್ ಬಂತು.

"ನಮಸ್ಕಾರ. ಇಲ್ಲೊಂದು ಬೀಗ ಹಾಕಿದೆ. 'ಕೆಲಸ ನಡೆಯುತ್ತಿದೆ, ತೆಗೆಯಬೇಡಿ, ಈ ನಂಬರಿಗೆ ಕರೆ ಮಾಡಿ' ಅಂತ ಬರೆದಿದೆ. ಅದಕ್ಕೇ ಮಾಡಿದೆ."

"ಯಾರು ಮಾತಾಡ್ತಿರೋದು?"

"ನಿಮ್ಮ ಹೆಂಡ್ತಿ. ಡ್ಯೂಟಿ ಮುಗ್ಸಿ ಬಂದು ತಲೆಗೆ ಶಾಂಪೂ ಹಾಕ್ಕೊಂಡು ನಿಂತಿದೀನಿ. ಗೀಸರಲ್ಲಿದ್ದ ಬಿಸಿನೀರು ಮುಗ್ದೋಗಿ ಹತ್ತು ನಿಮಿಷ ಆಯ್ತು."

ಟೆಸ್ಟರಣ್ಣ ಓಡೋಡಿ ಬಂದ. ತಲೆಗೆ ಟವೆಲ್ ಸುತ್ತಿಕೊಂಡು ಮೇನ್ ಬೋರ್ಡಿನ ಮುಂದೆ ನಿಂತಿದ್ದಳು. ಇವತ್ತು ಗ್ರಹಚಾರ ಬಿಡಿಸುತ್ತಾಳೆ ಅಂದುಕೊಂಡು ತಲೆ ತಗ್ಗಿಸಿ ಕೀಲಿ ತೆಗೆದ. ಅವಳು ನೊರೆ ಒರೆಸಿಕೊಳ್ಳುತ್ತಾ, "ಹೇರ್‌ಪಿನ್ನು ಹಾಕಿ ನೋಡ್ದೆ ಕಣ್ರೀ, ಜಗ್ಗಲಿಲ್ಲ. ಹೋಗಿ, ಈಗ ಪರೀಕ್ಷೆ ಬರೀರಿ," ಅಂದಳು.

ಎರಡನೇ ಸಲ ನಲವತ್ತು ನಿಮಿಷದಲ್ಲಿ ಮೂವತ್ತೊಂಬತ್ತನ್ನು ತೆಗೆದುಕೊಂಡ. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ. ಮೀಟರಿನಿಂದ ಮೂರು ಸಲ ನಾಡಿ ಹಿಡಿದ. ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಿಕೊಂಡ, ಗಾಬರಿಯಲ್ಲಿ ಅರ್ಧ ಕನ್ನಡದಲ್ಲಿ. ಪರೀಕ್ಷಕರಿಗೆ ಒಂದಕ್ಷರ ತಿಳಿಯದಿದ್ದರೂ ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಗಡಿಯಾರ ನಿಲ್ಲಿಸಿ ಕೈ ಕುಲುಕಿದರು. "ಈ ಸಲ ಬದುಕಿದ್ದೀರಿ," ಅಂದರು.

ಲೈಸೆನ್ಸು ಅಂಚೆಯಲ್ಲಿ ಬಂತು. ಅಂಗೈಯಗಲದ ಕಾರ್ಡು, ಅದರಲ್ಲಿ ಕಳ್ಳನ ಹಾಗೆ ಕಾಣುವ ಅವನ ಫೋಟೋ. ಕಂಟ್ರಾಕ್ಟರಿಗೆ ಸುದ್ದಿ ಮುಟ್ಟಿಸಿದಾಗ ಅವರು, "ನನ್ನ ಪತ್ರದಿಂದಾನೇ ಆಗಿದ್ದು ಅಲ್ವೇನೋ?" ಅಂದರು. ಟೆಸ್ಟರಣ್ಣ ಸ್ವಲ್ಪ ಯೋಚಿಸಿ, "ಹೌದು ಯಜಮಾನ್ರೇ," ಅಂದ. ಲೆಕ್ಕ ಹಾಕಿದರೆ ಅದೂ ಸುಳ್ಳೇನಲ್ಲ.

ಒಬ್ಬನೇ ಹೋದ ಮೊದಲ ಕೆಲಸ ಒಬ್ಬರು ನಿವೃತ್ತ ಮೇಷ್ಟರ ಮನೆಯಲ್ಲಿ. ಒಂಟಿ ಮನುಷ್ಯ. ಮಲಗುವ ಕೋಣೆಯ ಹೀಟರು ಎರಡು ದಿನದಿಂದ ಉರಿಯುತ್ತಿಲ್ಲ. ಬಾಗಿಲು ತೆಗೆದವರೇ ಅರ್ಧ ಗಂಟೆ ಪಾಠ ಮಾಡಿದರು: ಇಡೀ ಮನೆಯ ವೈರಿಂಗೇ ಸುಟ್ಟಿರಬೇಕು, ತಾನು ಪುಸ್ತಕ ಓದಿ ನೋಡಿದ್ದೇನೆ, ಬೇರೆ ಊರಲ್ಲಿರುವ ಮಗಳಿಗೂ ಹಾಗೇ ಹೇಳಿದ್ದೇನೆ, ಅವಳು ತುಂಬಾ ಗಾಬರಿಯಾಗಿದ್ದಾಳೆ. ಟೆಸ್ಟರಣ್ಣ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಹೀಟರಿನ ವೈರನ್ನು ಕಣ್ಣಲ್ಲೇ ಹಿಂಬಾಲಿಸಿದ. ಅದು ಮಂಚದ ಹಿಂದೆ ಹೋಗಿತ್ತು. ಮೇಷ್ಟರೂ ಅವನೂ ಸೇರಿ ಮಂಚ ಸರಿಸಿದರು. ಪ್ಲಗ್ಗು ಸಾಕೆಟ್ಟಿನಿಂದ ಅರ್ಧ ಹೊರಗೆ ಬಂದು ನೇತಾಡುತ್ತಿತ್ತು.

ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಮೇಷ್ಟರ ಕಿವಿ ಕೆಂಪಾಯಿತು.

"ಮಗಳಿಗೆ..." ಅಂದರು ಅವರು.

ಟೆಸ್ಟರಣ್ಣ ಪ್ಲಗ್ಗು ತೆಗೆದು, ಸಾಕೆಟ್ಟು ಬಿಸಿಯಾಗಿದೆಯಾ, ಸುಟ್ಟಿದೆಯಾ ಎಲ್ಲ ನಿಯಮದ ಪ್ರಕಾರ ನೋಡಿ, ಪ್ಲಗ್ಗನ್ನು ಒತ್ತಿ ಕೂರಿಸಿದ. ಹೀಟರು ಹತ್ತಿಕೊಂಡಿತು. ಆಮೇಲೆ ಫಾರಂ ತೆಗೆದು ಮಂಚದ ತುದಿಯಲ್ಲಿ ಕೂತ. ದೋಷ ಏನು ಅನ್ನುವ ಕಡೆ ಪೆನ್ನು ಹಿಡಿದು ತುಸು ಹೊತ್ತು ಯೋಚಿಸಿದ. ನಿಧಾನವಾಗಿ, ಕಾಗುಣಿತ ತಪ್ಪದಂತೆ ಬರೆದ: "ಸಂಪರ್ಕ ಸಡಿಲವಾಗಿತ್ತು. ಸರಿಪಡಿಸಲಾಗಿದೆ." ಕೆಳಗೆ ಸಹಿ ಹಾಕಿ, ಲೈಸೆನ್ಸ್ ನಂಬರನ್ನು ಒಂದು ಅಂಕಿಯೂ ಬಿಡದೆ ಬರೆದ.

ಮೇಷ್ಟರು ಕಾಗದವನ್ನು ಎರಡು ಸಲ ಓದಿಕೊಂಡರು. ಅಷ್ಟರಲ್ಲಿ ಅವರ ಫೋನು ಗುಣುಗುಟ್ಟಿತು. ಟೆಸ್ಟರಣ್ಣ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಹಿಂದಿನಿಂದ ಮೇಷ್ಟರ ದೊಡ್ಡ ದನಿ ಕೇಳುತ್ತಿತ್ತು: "ಹೂಂ ಮಗಳೇ, ಸರಿಹೋಯಿತು. ಸಡಿಲ ಸಂಪರ್ಕವಂತೆ! ಬಹಳ ತಿಳಿದವರು ಬಂದಿದ್ದರು, ಒಂದು ನೋಟಕ್ಕೇ ಹಿಡಿದುಬಿಟ್ಟರು."